ನಮ್ಮ ಶಾಲೆಯ ರಸ್ತೆಗೆ ಒಬ್ಬ ಪಾದ್ರಿಗಳ ಹೆಸರು

ನಾನು ಈ ಶಾಲೆಯ 2003ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ. ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸಾಹಿತ್ಯ ನನ್ನ ಕ್ಷೇತ್ರವಲ್ಲ. ಆದರೂ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಸಾಹಿತಿಯ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ನಾನು ಮಾಡಲು ಹೊರಟಿದ್ದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಬಸ್ ಸ್ಟ್ಯಾಂಡಿನಿಂದ ಶಾಲೆಯ ಗೇಟಿನವರೆಗಿನ ರಸ್ತೆ ನಮಗೆಲ್ಲ ಗೊತ್ತಿರುವುದೇ. ನಾವು ಓದುವಾಗ ಅದು ಕಲ್ಲುಮಣ್ಣಿನ ದಾರಿ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಪುಸ್ತಕದ ಚೀಲ ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದೆವು. ಈಗ ಅದು ಸಿಮೆಂಟ್ ರಸ್ತೆಯಾಗಿದೆ. ಐವತ್ತನೇ ವರ್ಷದ ನೆನಪಿಗೆ ಈ ರಸ್ತೆಗೆ ಒಂದು ಹೆಸರಿಟ್ಟು, ಮುಖದಲ್ಲಿ ಕಮಾನು ಕಟ್ಟಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ತೀರ್ಮಾನಿಸಿದೆವು. ಕಮಾನಿನ ಖರ್ಚು ಕೊಡಲು ಒಬ್ಬ ದಾನಿಗಳು ಮುಂದೆ ಬಂದರು. ರಸ್ತೆಗೆ ತಮ್ಮ ಮನೆತನದ ಹಿರಿಯರ ಹೆಸರಿಡಬೇಕೆಂಬುದು ಅವರ ಇಚ್ಛೆಯಾಗಿತ್ತು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ನಾನೇ ಕಂಪ್ಯೂಟರಿನಲ್ಲಿ ಫಲಕದ ವಿನ್ಯಾಸವನ್ನೂ ಮಾಡಿಟ್ಟಿದ್ದೆ.

ಆದರೆ ಶಾಲೆಯಲ್ಲಿ ಸೇರಿದ ಸಭೆಯಲ್ಲಿ ಈ ವಿಷಯ ಬಂದಾಗ ಒಬ್ಬೊಬ್ಬರದು ಒಂದೊಂದು ಹೆಸರಾಯಿತು. ಒಂದು ಓಣಿಯವರು ಒಬ್ಬ ಸ್ವಾಮಿಗಳ ಹೆಸರು ಹೇಳಿದರು. ಇನ್ನೊಂದು ಓಣಿಯವರು ಒಬ್ಬ ರಾಜಕಾರಣಿಯ ಹೆಸರು ಹೇಳಿದರು. ಮಾತು ಬೆಳೆದು, ಬಾಲ್ಯದಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಕುಳಿತರು. ಆಗ ನಮಗೆ ಕನ್ನಡ ಕಲಿಸಿದ, ಈಗ ನಿವೃತ್ತರಾಗಿರುವ ಮೇಷ್ಟ್ರು ಎದ್ದು ನಿಂತು ಉತ್ತಂಗಿ ಚನ್ನಪ್ಪನವರ ಹೆಸರನ್ನು ಸೂಚಿಸಿದರು. ಸಭೆ ಒಮ್ಮೆಲೇ ಸುಮ್ಮನಾಯಿತು. ಹೆಚ್ಚಿನವರಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬ ಹಿರಿಯರು, ಕ್ರೈಸ್ತ ಪಾದ್ರಿಗಳಿಗೂ ನಮ್ಮ ಊರಿಗೂ ಏನು ಸಂಬಂಧವೆಂದು ಕೇಳಿದರು. ಅದೇ ಪ್ರಶ್ನೆ ನನ್ನ ಮನಸ್ಸಿನಲ್ಲೂ ಇತ್ತು. ಸಭೆ ತೀರ್ಮಾನವಿಲ್ಲದೆ ಮುಗಿಯಿತು.

ಹೊರಗೆ ಬರುವಾಗ ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಓದಿ ತಿಳಿದುಕೋ ಎಂದಷ್ಟೇ ಹೇಳಿದರು. ಓದಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರಿನ ಸಂಬಂಧವನ್ನೇ ನೋಡೋಣ. ಉತ್ತಂಗಿ ನಮ್ಮ ಹೂವಿನಹಡಗಲಿ ತಾಲ್ಲೂಕಿನದೇ ಒಂದು ಗ್ರಾಮ. ಚನ್ನಪ್ಪನವರ ಹಿರಿಯರು ಆ ಊರಿನವರು. ಅದೇ ಅವರ ಮನೆತನದ ಹೆಸರಾಯಿತು. ಹಿರಿಯರದು ಲಿಂಗಾಯತ ಮನೆತನ. ಬಾಸೆಲ್ ಮಿಷನ್ನಿನವರು ಉತ್ತರ ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಅವರು ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದರು. ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ಧರ್ಮ ಬದಲಾದರೂ ಊರಿನ ಹೆಸರನ್ನು ಆ ಮನೆಯವರು ಬಿಡಲಿಲ್ಲ, ಚನ್ನಪ್ಪ ಎಂಬ ಹೆಸರನ್ನೂ ಬದಲಾಯಿಸಲಿಲ್ಲ. ರೆವರೆಂಡ್ ಎಂಬ ಬಿರುದಿನ ಪಕ್ಕದಲ್ಲಿ ಉತ್ತಂಗಿ ಚನ್ನಪ್ಪ ಎಂಬ ಹೆಸರು ಕೊನೆಯವರೆಗೂ ಹಾಗೆಯೇ ಉಳಿಯಿತು.

ಆ ಕಾಲದ ನಕ್ಷೆಯನ್ನು ಇಂದಿನ ಮಕ್ಕಳು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಹಡಗಲಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತುಂಗಭದ್ರೆಯನ್ನು ದಾಟಿದರೆ ಬೇರೆ ಸರ್ಕಾರ, ಬೇರೆ ಕಾನೂನು, ಬೇರೆ ಕಚೇರಿ ಭಾಷೆ. ಕಲಬುರಗಿಯ ಕಡೆಗೆ ಹೋದರೆ ನಿಜಾಮನ ರಾಜ್ಯ. ಕನ್ನಡ ಮಾತನಾಡುವವರು ಇಷ್ಟು ತುಂಡುಗಳಲ್ಲಿ ಹಂಚಿಹೋಗಿದ್ದರು. ಒಂದು ಕಡೆಯಲ್ಲಿದ್ದ ಹಳೆಯ ಪುಸ್ತಕ ಇನ್ನೊಂದು ಕಡೆಯವರಿಗೆ ಸಿಗುವುದು ಕಷ್ಟವಾಗಿತ್ತು. ಚನ್ನಪ್ಪನವರ ಬೇರು ಒಂದು ಪ್ರಾಂತ್ಯದಲ್ಲಿ, ಹುಟ್ಟು ಇನ್ನೊಂದರಲ್ಲಿ. ಮುಂದೆ ಅವರಿಗೆ ದೊಡ್ಡ ಗೌರವ ಸಿಕ್ಕಿದ್ದು ಮೂರನೆಯದರಲ್ಲಿ.

ಅವರು ಮಿಷನ್ ಶಾಲೆಯಲ್ಲಿ ಓದಿ, ಮಂಗಳೂರಿನ ಬಾಸೆಲ್ ಮಿಷನ್ ದೇವಜ್ಞಾನ ಶಾಲೆಯಲ್ಲಿ ತರಬೇತಿ ಪಡೆದರು. ಆ ಮಿಷನ್ನಿಗೂ ಕನ್ನಡಕ್ಕೂ ಹಳೆಯ ನಂಟು. ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರು ಸಮಾಚಾರವನ್ನು ಹೊರತಂದದ್ದು ಅಲ್ಲಿಂದಲೇ. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನ ಆ ಮಿಷನ್ನಿನ ಮುದ್ರಣಾಲಯದಲ್ಲೇ. ಇವರಿಬ್ಬರೂ ಜರ್ಮನಿಯಿಂದ ಬಂದು ಕನ್ನಡ ಕಲಿತವರು. ಚನ್ನಪ್ಪನವರಿಗೆ ಕನ್ನಡ ಕಲಿಯುವ ಅಗತ್ಯವಿರಲಿಲ್ಲ. ಅದು ಅವರ ತಾಯಿಯ ಮಾತು.

ಶಿಕ್ಷಣ ಮುಗಿಸಿ ಅವರು ಧರ್ಮಬೋಧಕರಾದರು. ಹುಬ್ಬಳ್ಳಿ ಮೊದಲಾದ ಕಡೆಗಳಲ್ಲಿ ದಶಕಗಳ ಕಾಲ ಸಭಾಪಾಲಕರಾಗಿ ಕೆಲಸ ಮಾಡಿದರು. ಬೋಧಕರ ಬದುಕು ಸುಖದ್ದಾಗಿರಲಿಲ್ಲ. ಸಂಬಳ ಚಿಕ್ಕದು, ತಿರುಗಾಟ ಬಹಳ. ಹಳ್ಳಿಹಳ್ಳಿಗೆ ಹೋಗಿ, ಸಂತೆ ಜಾತ್ರೆಗಳಲ್ಲಿ ನಿಂತು ಮಾತನಾಡುವುದು ಆಗಿನ ಬೋಧಕರ ಕೆಲಸ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟರು. ಆಗ ಸಭೆಗಳ ಭಾರವೆಲ್ಲ ನಮ್ಮ ನಾಡಿನ ಬೋಧಕರ ಹೆಗಲಿಗೆ ಬಿತ್ತು. ಚನ್ನಪ್ಪನವರು ಅಂಥ ಕಾಲದಲ್ಲಿ ಕೆಲಸ ಮಾಡಿದವರು.

ಹಳ್ಳಿಗರ ಜೊತೆ ಮಾತನಾಡಬೇಕಾದರೆ ಹಳ್ಳಿಗರ ಮಾತೇ ಬೇಕು. ಆ ಮಾತಿನಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತಿದ್ದವನು ಸರ್ವಜ್ಞ. ಹೊಲದಲ್ಲಿ, ಕಟ್ಟೆಯಲ್ಲಿ, ಪಂಚಾಯ್ತಿಯಲ್ಲಿ ಯಾರಾದರೂ ಮಾತನ್ನು ಗಟ್ಟಿ ಮಾಡಬೇಕಾದರೆ ಒಂದು ತ್ರಿಪದಿ ಹೇಳುತ್ತಿದ್ದರು. ಓದುಬರಹ ಇಲ್ಲದವರಿಗೂ ಹತ್ತಾರು ತ್ರಿಪದಿಗಳು ಬಾಯಿಗೆ ಬರುತ್ತಿದ್ದವು. ಆದರೆ ಎಲ್ಲವನ್ನೂ ಒಂದೆಡೆ ಕೂಡಿಸಿದ, ನಂಬಬಹುದಾದ ಪುಸ್ತಕ ಇರಲಿಲ್ಲ. ಚಿಕ್ಕಪುಟ್ಟ ಸಂಗ್ರಹಗಳು ಅಚ್ಚಾಗಿದ್ದವು, ಅಷ್ಟೆ. ಈ ಕೊರತೆಯನ್ನು ತುಂಬುವ ಕೆಲಸವನ್ನು ಚನ್ನಪ್ಪನವರು ಕೈಗೆತ್ತಿಕೊಂಡರು. ಅದನ್ನು ಮಾಡೆಂದು ಅವರಿಗೆ ಯಾವ ವಿಶ್ವವಿದ್ಯಾಲಯವೂ ಹೇಳಿರಲಿಲ್ಲ.

ಈ ಕೆಲಸ ಎಷ್ಟು ಕಷ್ಟದ್ದೆಂದು ನನಗೆ ನನ್ನ ಉದ್ಯೋಗದ ಮೂಲಕ ಅರ್ಥವಾಯಿತು. ನಮ್ಮ ಕಚೇರಿಯಲ್ಲಿ ಒಂದೇ ಗ್ರಾಹಕರ ಹೆಸರು ಹತ್ತು ಕಡೆ ಹತ್ತು ರೀತಿಯಲ್ಲಿ ದಾಖಲಾಗಿರುತ್ತದೆ. ಒಂದು ಕಡೆ ಇನಿಷಿಯಲ್ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಒಂದು ಕಡೆ ಅಕ್ಷರ ತಪ್ಪಿರುತ್ತದೆ. ಹತ್ತೂ ಒಬ್ಬರದೇ ಹೌದೋ ಅಲ್ಲವೋ ಎಂದು ನೋಡಿ ಒಂದು ಮಾಡಬೇಕು. ಕಂಪ್ಯೂಟರ್ ಇದ್ದರೂ ನಾವು ಇದರಲ್ಲಿ ತಪ್ಪುತ್ತೇವೆ. ಸರ್ವಜ್ಞನ ವಚನಗಳ ಸ್ಥಿತಿಯೂ ಹೀಗೆಯೇ ಇತ್ತು. ಒಂದೇ ತ್ರಿಪದಿ ಒಂದು ಓಲೆಗರಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ, ಅಜ್ಜಿಯ ಬಾಯಲ್ಲಿ ಮತ್ತೊಂದು ರೀತಿ.

ಇದಕ್ಕೆ ಕಾರಣ ತ್ರಿಪದಿಯೇ. ಅದು ಮೂರು ಸಾಲಿನ ದೇಸಿ ಛಂದಸ್ಸು. ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ಪದಗಳ ಛಂದಸ್ಸೂ ಇದೇ. ನಮ್ಮ ಭಾಗದಲ್ಲಿ ತೊಟ್ಟಿಲಲ್ಲಿದ್ದಾಗಲೇ ಈ ಲಯ ಕಿವಿಗೆ ಬೀಳುತ್ತದೆ. ಹಾಗಾಗಿ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಒಂದು ಪದ ಮರೆತರೂ ಅದೇ ಅಳತೆಯ ಇನ್ನೊಂದು ಪದ ತಾನಾಗಿ ಬಂದು ಕೂಡುತ್ತದೆ. ತ್ರಿಪದಿಯನ್ನು ಉಳಿಸಿದ್ದೂ ಜನರ ಬಾಯಿ, ಬದಲಾಯಿಸಿದ್ದೂ ಜನರ ಬಾಯಿ. ಇನ್ನೊಂದು ತೊಡಕೂ ಇತ್ತು. ಕೊನೆಯಲ್ಲಿ ಸರ್ವಜ್ಞ ಎಂಬ ಅಂಕಿತ ಸೇರಿಸಿದರೆ ಯಾರು ಕಟ್ಟಿದ ಪದವಾದರೂ ಸರ್ವಜ್ಞನದಾಗಿಬಿಡುತ್ತಿತ್ತು. ಯಾವುದೋ ಜಾತಿಯನ್ನು ಹಳಿಯಬೇಕೆಂದವರೂ ಅದೇ ಅಂಕಿತದ ಹಿಂದೆ ಅಡಗಿ ಕೂರಬಹುದಿತ್ತು. ಯಾವುದು ಅವನದು, ಯಾವುದು ಅಲ್ಲ ಎಂದು ಬೇರ್ಪಡಿಸಲು ಭಾಷೆ ಗೊತ್ತಿರಬೇಕು, ಛಂದಸ್ಸು ಗೊತ್ತಿರಬೇಕು, ಜನರ ಸ್ವಭಾವವೂ ಗೊತ್ತಿರಬೇಕು.

ಚನ್ನಪ್ಪನವರು ವರ್ಷಗಟ್ಟಲೆ ಊರೂರು ತಿರುಗಿ ಓಲೆಗರಿಗಳನ್ನು, ಕಾಗದದ ಹಸ್ತಪ್ರತಿಗಳನ್ನು ಹುಡುಕಿದರು. ಜನ ಹೇಳುವುದನ್ನು ಬರೆದುಕೊಂಡರು. ಒಂದಕ್ಕೊಂದು ಹೋಲಿಸಿ, ವಿಷಯಕ್ಕೆ ತಕ್ಕಂತೆ ಜೋಡಿಸಿದರು. ಇದೆಲ್ಲ ಬೋಧಕರ ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ ನಡೆದದ್ದು. ಕೊನೆಗೆ 1924ರಲ್ಲಿ ಸರ್ವಜ್ಞನ ವಚನಗಳು ಪುಸ್ತಕವಾಗಿ ಹೊರಬಂತು. ವಚನಗಳ ಜೊತೆಗೆ ಸರ್ವಜ್ಞನ ಕಾಲ, ಸ್ಥಳ, ಬದುಕುಗಳ ಬಗ್ಗೆ ಅವರು ನಡೆಸಿದ ವಿಚಾರವೂ ಅದರಲ್ಲಿದೆ. ಇಂದಿನ ಹಾವೇರಿ ಜಿಲ್ಲೆಯ ಮಾಸೂರು, ಅಬಲೂರುಗಳ ಹೆಸರು ಸರ್ವಜ್ಞನ ಜೊತೆ ಸೇರಿಕೊಂಡಿರುವುದನ್ನು ನಾವು ಪಾಠದಲ್ಲಿ ಓದಿದ್ದೇವೆ. ಆ ಚರ್ಚೆಗೆ ಗಟ್ಟಿ ನೆಲೆ ಹಾಕಿದವರಲ್ಲಿ ಅವರು ಮುಖ್ಯರು. ಮುಂದೆ ಬಂದ ಸಂಗ್ರಹಗಳು, ಪಠ್ಯಪುಸ್ತಕಗಳು ಅವರ ಪುಸ್ತಕದ ಋಣದಲ್ಲಿವೆ.

ಈ ಮಾತು ಓದಿದ ದಿನ ನನಗೆ ಏಳನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಬಾಯಿಪಾಠ ಮಾಡಿದ ತ್ರಿಪದಿಗಳೆಲ್ಲ ನೆನಪಾದವು. ಕಂಠಪಾಠ ಸ್ಪರ್ಧೆಯಲ್ಲಿ ನನಗೆ ಬಂದ ಒಂದೇ ಒಂದು ಬಹುಮಾನ, ಒಂದು ಸ್ಟೀಲ್ ಲೋಟ, ಸರ್ವಜ್ಞನ ವಚನ ಹೇಳಿದ್ದಕ್ಕೆ. ಆ ಲೋಟ ಈಗಲೂ ಅವ್ವನ ಅಡುಗೆಮನೆಯಲ್ಲಿದೆ. ಆ ವಚನಗಳನ್ನು ನಮ್ಮ ಶಾಲೆಯವರೆಗೆ ತಂದು ಮುಟ್ಟಿಸಿದವರಲ್ಲಿ ಮೊದಲಿಗರ ಹೆಸರನ್ನು ಮಾತ್ರ ನಾನು ಮೂವತ್ತಾರನೇ ವಯಸ್ಸಿಗೆ ಕೇಳಿದೆ. ಅದೂ ಅವರ ಹೆಸರಿಗೆ ಮನಸ್ಸಿನಲ್ಲೇ ಅಡ್ಡ ನಿಂತ ಮೇಲೆ.

ಅದೇ ವರ್ಷಗಳಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಶರಣರ ವಚನಗಳನ್ನು ಕೂಡಿಸುತ್ತಿದ್ದರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬಂತು, ಚನ್ನಪ್ಪನವರ ಸರ್ವಜ್ಞ ಮರುವರ್ಷ ಬಂದ. ಒಬ್ಬರು ವಕೀಲರು, ಒಬ್ಬರು ಪಾದ್ರಿಗಳು. ಇಬ್ಬರ ಹೊಟ್ಟೆಪಾಡಿನ ಕೆಲಸವೂ ಬೇರೆಯೇ ಆಗಿತ್ತು. ಹಳಕಟ್ಟಿಯವರನ್ನು ನಾಡು ವಚನ ಪಿತಾಮಹ ಎಂದು ಕರೆದು ನೆನೆಯುತ್ತದೆ. ಚನ್ನಪ್ಪನವರ ಹೆಸರು ಅಷ್ಟು ಮಂದಿಗೆ ಗೊತ್ತಿಲ್ಲ.

ಇನ್ನು ಎಲ್ಲರಿಗಿಂತ ಕಷ್ಟದ ಪ್ರಶ್ನೆ ಧರ್ಮದ್ದು. ಇದನ್ನು ಮುಚ್ಚಿಟ್ಟು ಬರೆದರೆ ಅವರಿಗೇ ಅನ್ಯಾಯ. ಅವರು ಹೆಸರಿಗಷ್ಟೇ ಪಾದ್ರಿಗಳಲ್ಲ. ಯೇಸುವಿನ ಮೇಲೆ ಅವರಿಗೆ ಪೂರ್ಣ ಶ್ರದ್ಧೆಯಿತ್ತು, ಅದನ್ನು ಬೇರೆಯವರಿಗೆ ಹೇಳುವುದೇ ಅವರ ವೃತ್ತಿಯಾಗಿತ್ತು. 1921ರಲ್ಲಿ ಬಂದ ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಅವರ ಪುಸ್ತಕ ಹಿಂದೂಗಳನ್ನು ಉದ್ದೇಶಿಸಿ ಬರೆದದ್ದು. ಅದರ ಹೆಸರನ್ನು ಗಮನಿಸಬೇಕು. ಅದರಲ್ಲಿರುವುದು ವಿನಂತಿ. ಸವಾಲೂ ಇಲ್ಲ, ನಿಂದೆಯೂ ಇಲ್ಲ. ಎದುರಿನವರ ಗ್ರಂಥಗಳನ್ನು ಓದಿ, ಅವರಿಗೆ ಗೌರವ ಕೊಟ್ಟು, ತನಗೆ ಸತ್ಯವೆಂದು ತೋರಿದ್ದನ್ನು ಮುಂದಿಡುವ ರೀತಿ ಅವರದು. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ. ಇಂಥ ದಾರಿ ಹಿಡಿದವರಿಗೆ ಎರಡೂ ಕಡೆಯಿಂದ ಮಾತು ಬರುವುದು ಸಹಜ. ಅವರನ್ನು ತಮ್ಮವರಲ್ಲ ಎಂದು ಅನುಮಾನಿಸಿದವರು ಆ ಕಡೆಯೂ ಇದ್ದರು, ಈ ಕಡೆಯೂ ಇದ್ದರು.

ಹೀಗೆ ತನ್ನ ನಂಬಿಕೆಯಲ್ಲಿ ಗಟ್ಟಿಯಾಗಿ ನಿಂತವರೇ ಶರಣರ ಸಾಹಿತ್ಯಕ್ಕೂ ಬದುಕಿನ ಬಹುಭಾಗ ಕೊಟ್ಟರು. ಬಸವಣ್ಣನವರು ಅಸ್ಪೃಶ್ಯರ ಏಳಿಗೆಗೆ ಮಾಡಿದ ಕೆಲಸದ ಬಗ್ಗೆ ಬರೆದರು. ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯಮ್ಮನವರ ವಚನಗಳನ್ನು ಸಂಪಾದಿಸಿದರು. ಸಿದ್ಧರಾಮನ ಸಾಹಿತ್ಯದ ಮೇಲೆ ಕೆಲಸ ಮಾಡಿದರು. ಕಲ್ಯಾಣದ ಅನುಭವ ಮಂಟಪ ನಿಜವಾಗಿ ಇತ್ತೇ, ಅಥವಾ ನಂತರದ ಕವಿಗಳ ಕಲ್ಪನೆಯೇ ಎಂಬ ಅನುಮಾನವನ್ನು ಕೆಲವರು ಎತ್ತಿದ್ದರು. ಶರಣರ ವಚನಗಳಲ್ಲೇ ಸಿಗುವ ಆಧಾರಗಳನ್ನು ಜೋಡಿಸಿ, ಅದು ಇತ್ತು ಎಂದು ವಾದಿಸಿ ಚನ್ನಪ್ಪನವರು ಪುಸ್ತಕ ಬರೆದರು. ಅನುಭವ ಮಂಟಪದ ಐತಿಹಾಸಿಕತೆ ಎಂಬ ಆ ಗ್ರಂಥ ಬಂದದ್ದು 1951ರಲ್ಲಿ, ಅವರಿಗೆ ಎಪ್ಪತ್ತು ತುಂಬುವ ಹೊತ್ತಿಗೆ. ಎಲ್ಲ ಜಾತಿಯ ಗಂಡಸರು ಹೆಂಗಸರು ಒಂದೆಡೆ ಕೂತು ಮಾತನಾಡಿದ ಸಭೆಯೊಂದು ಇತ್ತೆಂದು ಸಾಧಿಸಲು ಒಬ್ಬ ಕ್ರೈಸ್ತ ಪಾದ್ರಿಗಳು ಹೊರಟದ್ದು ನನಗೆ ತುಂಬ ದೊಡ್ಡದಾಗಿ ಕಂಡಿತು. ರಸ್ತೆಯ ಹೆಸರಿಗಾಗಿ ನಾವು ಓಣಿಓಣಿಯಾಗಿ ಬೇರೆಬೇರೆ ಕೂತಿದ್ದ ಸಭೆಯ ನೆನಪಾಗಿ ನಾಚಿಕೆಯೂ ಆಯಿತು.

ಅವರಿಗೆ ಸಿಕ್ಕ ದೊಡ್ಡ ಗೌರವವೆಂದರೆ 1949ರಲ್ಲಿ ಕಲಬುರಗಿಯಲ್ಲಿ ನಡೆದ 32ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಆ ಸ್ಥಳ, ಆ ಕಾಲ ಎರಡೂ ಮುಖ್ಯ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ನಿಜಾಮನ ಆಡಳಿತದಲ್ಲಿ ಉರ್ದು ಅಧಿಕಾರದ ಭಾಷೆಯಾಗಿ, ಕನ್ನಡ ಮನೆಯೊಳಗಿನ ಮಾತಾಗಿ ಉಳಿದಿದ್ದ ನಾಡದು. ಆ ಕಹಿ ಇನ್ನೂ ಆರಿರಲಿಲ್ಲ. ಅಂಥ ಊರಿನಲ್ಲಿ ಸೇರಿದ ಕನ್ನಡಿಗರ ಸಭೆಗೆ ಅಧ್ಯಕ್ಷರಾಗಿ ಬಂದವರು ಒಬ್ಬ ಕ್ರೈಸ್ತ ಧರ್ಮಬೋಧಕರು. ಕನ್ನಡದ ಮಟ್ಟಿಗೆ ಯಾರು ನಮ್ಮವರು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಆ ಹೊತ್ತಿನಲ್ಲೇ ಉತ್ತರ ಕೊಟ್ಟಿದ್ದರು. ನಾವು ಎಪ್ಪತ್ತು ವರ್ಷ ದಾಟಿದ ಮೇಲೆ ಅದನ್ನೇ ಮತ್ತೆ ಕೇಳುತ್ತಿದ್ದೇವೆ.

ಅವರಿಗೆ ತಿರುಳ್ಗನ್ನಡದ ತಿರುಕ ಎಂಬ ಹೆಸರಿದೆ. ಕವಿರಾಜಮಾರ್ಗದಲ್ಲಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳು ಎಂದು ಹೇಳಿದೆ. ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ. ಕೊಪ್ಪಳವೂ ಲಕ್ಷ್ಮೇಶ್ವರವೂ ಹೊಳೆ ದಾಟಿದರೆ ನಮಗೆ ದೂರದ ಊರುಗಳಲ್ಲ. ಆ ನಾಡಿನಲ್ಲಿ ಮನೆಮನೆಯ ಮುಂದೆ ನಿಂತು ಪದಗಳ ಭಿಕ್ಷೆ ಬೇಡಿದವರಿಗೆ ಈ ಹೆಸರು ಒಪ್ಪುತ್ತದೆ. ಬೇಡಿ ತಂದದ್ದನ್ನು ಅವರು ಮನೆಯಲ್ಲಿಟ್ಟುಕೊಳ್ಳಲಿಲ್ಲ. ಅಚ್ಚು ಹಾಕಿಸಿ ಎಲ್ಲರಿಗೂ ತಿರುಗಿ ಹಂಚಿದರು.

ಕೊನೆಯ ಕಾಲದಲ್ಲಿ ಅವರು ನಮ್ಮ ಹೂವಿನಹಡಗಲಿಯಲ್ಲೇ ನೆಲೆಸಿದ್ದರು. ಹಿರಿಯರು ಬಿಟ್ಟುಹೋದ ಸೀಮೆಗೆ ಹೀಗೆ ತಿರುಗಿ ಬಂದಿದ್ದರು. ಅಷ್ಟರಲ್ಲಿ 1953ರಲ್ಲಿ ನಮ್ಮ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತ್ತು. 1956ರಲ್ಲಿ ಧಾರವಾಡವೂ ಕಲಬುರಗಿಯೂ ಬಂದು ಸೇರಿದವು. ಅವರ ಬದುಕಿನ ಮೂರು ತುಂಡು ನಾಡುಗಳು ಅವರ ಕಣ್ಣೆದುರೇ ಒಂದಾದವು. 1962ರ ಆಗಸ್ಟ್ 28ರಂದು, ಎಂಬತ್ತು ವರ್ಷ ಕಳೆದ ಮೇಲೆ, ಅವರು ತೀರಿಕೊಂಡರು.

2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡದ್ದು ಹಲವರಿಗೆ ನೆನಪಿರಬಹುದು. ಎರಡು ರಾಜ್ಯಗಳ ನಡುವಿನ ಮನಸ್ತಾಪ ಕಡಿಮೆ ಮಾಡಲು ಸರ್ಕಾರಗಳು ಕನ್ನಡದ ಕಡೆಯಿಂದ ಆರಿಸಿಕೊಂಡದ್ದು ಸರ್ವಜ್ಞನನ್ನೇ. ಆ ಸರ್ವಜ್ಞನನ್ನು ಒಂದು ಪುಸ್ತಕದಲ್ಲಿ ನಮ್ಮ ಕೈಗಿಟ್ಟವರಿಗೆ ಅವರ ಸ್ವಂತ ತಾಲ್ಲೂಕಿನ ಒಂದು ಶಾಲೆಯ ದಾರಿಯಾದರೂ ಸಲ್ಲಬೇಡವೇ?

ಈ ಓದು ಮುಗಿದ ಮೇಲೆ ನಾನು ದಾನಿಗಳ ಮನೆಗೆ ಹೋದೆ. ಫಲಕದ ವಿನ್ಯಾಸ ಮಾಡಿದ್ದು ನಾನೇ ಆದ್ದರಿಂದ ಬೇಡವೆಂದು ಹೇಳುವುದೂ ನನ್ನ ಕೆಲಸವೇ ಆಗಿತ್ತು. ಭಯದಿಂದಲೇ ಹೋಗಿದ್ದೆ. ಅವರಿಗೆ ಬೇಸರವಾಯಿತು, ಅದನ್ನು ಮುಚ್ಚಿಡಲೂ ಇಲ್ಲ. ಹಣ ಕೊಡುವ ವಿಚಾರವನ್ನು ಇನ್ನೂ ಯೋಚಿಸುತ್ತಿದ್ದಾರೆ. ಅವರು ಕೊಡದೇ ಹೋದರೆ ಕಮಾನು ಆಗದಿರಬಹುದು. ಕಮಾನಿಲ್ಲದಿದ್ದರೂ ಒಂದು ಸಣ್ಣ ಫಲಕ ಹಾಕುವುದು ನಮ್ಮ 2003ರ ಬ್ಯಾಚಿಗೆ ಭಾರವಲ್ಲ ಎಂದು ಗೆಳೆಯರು ಒಪ್ಪಿದ್ದಾರೆ. ಅವತ್ತು ಪ್ರಶ್ನೆ ಕೇಳಿದ ಹಿರಿಯರನ್ನೂ ಕಂಡು, ಓದಿದ್ದನ್ನೆಲ್ಲ ಹೇಳಿದೆ. ಅವರು ಒಪ್ಪಿದೆನೆಂದು ಹೇಳಲಿಲ್ಲ. ಆ ಪುಸ್ತಕವನ್ನು ತಮಗೂ ಒಂದು ತಂದುಕೊಡಲು ಹೇಳಿದರು. ತಂದುಕೊಟ್ಟಿದ್ದೇನೆ.

ರಸ್ತೆಗೆ ಹೆಸರಿಡುವ ಅಧಿಕಾರ ನಮ್ಮದಲ್ಲ. ಗ್ರಾಮ ಪಂಚಾಯ್ತಿಯ ಸಭೆಯಲ್ಲಿ ಠರಾವು ಆಗಬೇಕು. ಅರ್ಜಿ ಸಿದ್ಧವಾಗಿದೆ. ಅದರಲ್ಲಿ ಮೊದಲ ಸಹಿ ನಮ್ಮ ಮೇಷ್ಟ್ರದು, ಎರಡನೆಯದು ನನ್ನದು. ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳು, ಗುರುಗಳು, ಊರಿನ ಹಿರಿಯರು ಎಲ್ಲ ಓಣಿಗಳಿಂದಲೂ ಬಂದು ಸಹಿ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದೇ ಓಣಿಯವರ ಸಹಿಯಿಂದ ಈ ಹೆಸರು ಬಂದರೆ ಅದು ಅವರ ಬದುಕಿಗೆ ಹೊಂದುವುದಿಲ್ಲ.

ಫಲಕ ಬಂದ ಮೇಲೂ ಜನ ಅದನ್ನು ಹೈಸ್ಕೂಲ್ ರೋಡ್ ಎಂದೇ ಕರೆಯುತ್ತಾರೆ, ನನಗೆ ಗೊತ್ತು. ಕರೆಯಲಿ. ಶಾಲೆಗೆ ಹೋಗುವ ಯಾವುದೋ ಒಂದು ಮಗು ಒಂದು ದಿನ ನಿಂತು, ಫಲಕ ಓದಿ, ಇವರು ಯಾರೆಂದು ತನ್ನ ಮೇಷ್ಟ್ರನ್ನು ಕೇಳಿದರೆ ಸಾಕು. ನಾನು ಕೇಳದೆ ಕಳೆದ ಇಷ್ಟು ವರ್ಷ ಆ ಮಗು ಕಳೆಯದಿರಲಿ.